ನಕ್ಷೆಯಲ್ಲಿ ಖಾಲಿ ಜಾಗ

ಚಿಕಲಠಾಣಾ, ಛತ್ರಪತಿ ಸಂಭಾಜಿನಗರ
೯ ಮಾರ್ಚ್ ೨೦೨೫, ರವಿವಾರ

ನನ್ನ ಅವ್ವನಿಗೆ ನಿನ್ನ ಶಿವಗಂಗಾಳ ಶರಣು.

ಫೋನು ಕೈಯಲ್ಲೇ ಇರುವಾಗ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹತ್ತಿತು ಎಂದು ಅಂದುಕೊಳ್ಳುತ್ತಿರಬೇಕು ನೀನು. ಫೋನಿನಲ್ಲಿ ನಿನ್ನ ಜೊತೆ ಒಂದಾದರೂ ಗುಟ್ಟಿನ ಮಾತು ಆಡಲಿಕ್ಕೆ ಆಗಿದೆಯೇ? ನೀನು ಸ್ಪೀಕರ್ ಹಚ್ಚಿ ಒಲೆಯ ಪಕ್ಕ ಇಟ್ಟುಬಿಡುತ್ತೀ. ಪಕ್ಕದ ಶೆಡ್ಡಿನ ಯಮನವ್ವ ದೊಡ್ಡವ್ವ ನಡುವೆ ಬಾಯಿ ಹಾಕಿ ನನ್ನ ಮದುವೆಯ ಮಾತು ತೆಗೆಯುತ್ತಾಳೆ. ಅಪ್ಪ ದೂರದಿಂದಲೇ ಕೂಗುತ್ತಾನೆ. ಅದಕ್ಕೇ ಕಾಗದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನೀನು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೀ ಎಂದು ಗೊತ್ತು. ದಪ್ಪ ಅಕ್ಷರದಲ್ಲಿ, ಸಾಲು ಬಿಟ್ಟು ಸಾಲು ಬರೆದಿದ್ದೇನೆ. ಒಂದೇ ಸಲಕ್ಕೆ ಓದಬೇಕೆಂದಿಲ್ಲ. ಅಂಚೆಗೆ ಹಾಕೋಣವೆಂದರೆ ಶೆಡ್ಡಿಗೆ ವಿಳಾಸವಿಲ್ಲ. ನಿಮ್ಮ ಸೈಟಿನ ಲಾರಿ ಓಡಿಸುವ ಲಾಲಸಾಬ ಕಾಕಾ ಇಲ್ಲಿಗೆ ಸಾಮಾನು ಒಯ್ಯಲು ಬರುವವನಿದ್ದಾನೆ, ಅವನ ಕೈಗೆ ಕೊಡುತ್ತೇನೆ. ನಿನ್ನ ಕೈಗೇ ಕೊಡಬೇಕು ಎಂದು ಹೇಳುತ್ತೇನೆ.

ಜನವರಿ ಇಪ್ಪತ್ಮೂರರಂದು ನಾನು ನಿನ್ನ ಬಾಗಿಲಿಗೆ ಬಂದು ನಿನ್ನ ಹೆಸರು ಕೇಳಿದೆ. ನೀನು ಹೇಳಿದೆ. ಆಮೇಲೆ ಈ ಒಂದೂವರೆ ತಿಂಗಳು ನಾವಿಬ್ಬರೂ ಬಿಸಿಲಿನ ಬಗ್ಗೆ, ಅಪ್ಪನ ಮೊಣಕಾಲಿನ ಬಗ್ಗೆ, ಜೋಳದ ಹಿಟ್ಟಿನ ಬಗ್ಗೆ ಎಷ್ಟೆಲ್ಲ ಮಾತಾಡಿದೆವು. ಅದೊಂದನ್ನು ಬಿಟ್ಟು. ನೀನು ತೆಗೆಯಲಿಲ್ಲ, ನನಗೆ ತೆಗೆಯುವ ಧೈರ್ಯವಿರಲಿಲ್ಲ. ಇವತ್ತು ತೆಗೆಯುತ್ತೇನೆ.

ನಾನು ಇಲ್ಲಿ ಏನು ಕಲಿಯುತ್ತಿದ್ದೇನೆ ಎಂದು ನೀನು ಎಷ್ಟು ಸಲ ಕೇಳಿದರೂ ನಾನು 'ಕಂಪ್ಯೂಟರ್' ಎಂದು ತೇಲಿಸಿಬಿಟ್ಟಿದ್ದೇನೆ. ಕೆಲಸ ತೀರ ಕಷ್ಟದ್ದಲ್ಲ ಅವ್ವಾ. ಆಕಾಶದಿಂದ ತೆಗೆದ ನೆಲದ ಚಿತ್ರ ಪರದೆಯ ಮೇಲೆ ಇರುತ್ತದೆ. ಅದರ ಮೇಲೆ ಗೆರೆ ಎಳೆಯಬೇಕು. ಇದು ಮನೆ, ಇದು ಬಾವಿ, ಇದು ದಾರಿ ಎಂದು ಒಂದೊಂದನ್ನೂ ಸುತ್ತುಗಟ್ಟಿ ಹೆಸರು ಬರೆಯಬೇಕು. ನೀನು ರಂಗೋಲಿಯ ಚುಕ್ಕಿಗಳನ್ನು ಕೂಡಿಸುವ ಹಾಗೆ. ಇದು ಕೈಗೆ ಹತ್ತಿದ ಮೇಲೆ ನಮ್ಮಲ್ಲಿ ಕೆಲವರನ್ನು ಟಾಂಜಾನಿಯಾ ಎಂಬ ದೇಶಕ್ಕೆ ಎರಡು ತಿಂಗಳು ಕಳಿಸುತ್ತಾರೆ, ನಾನು ಫೋನಿನಲ್ಲಿ ಪ್ರವಾಸ ಎಂದದ್ದು ಇದನ್ನೇ. ಅಲ್ಲಿನ ಹಳ್ಳಿಗಳಲ್ಲಿ ಹೆಂಗಸರು ನೀರಿಗೆ ಎಷ್ಟು ದೂರ ನಡೆಯುತ್ತಾರೆ ಎಂದು ನಕ್ಷೆ ಮಾಡುವ ಸಂಶೋಧನೆ ಅದು. ನಾಶಿಕದ ನಮ್ಮ ಕಾಲೇಜಿನಿಂದ ಆಯ್ಕೆಯಾದವಳು ನಾನೊಬ್ಬಳೇ.

ನಮಗೆ ಕಲಿಸುವವರು ಸಂಗಮನಾಥ ಸರ್. ಬೀದರಿನವರು. ಡಿಸೆಂಬರಿನಲ್ಲಿ ಮೊದಲ ದಿನ ನನ್ನ ಹೆಸರು ಕೇಳಿದ್ದೇ ತಡ, ಕನ್ನಡದಲ್ಲಿ ಮಾತು ಶುರುಮಾಡಿದರು. ಯಾವ ಊರವರು, ನಾಶಿಕದಲ್ಲಿ ಎಲ್ಲಿರುತ್ತೀರಿ, ತಂದೆ ಏನು ಮಾಡುತ್ತಾರೆ. ಸುತ್ತ ಹನ್ನೊಂದು ಜನ ಕೂತಿದ್ದರು. ಒಬ್ಬಳ ತಂದೆ ಬ್ಯಾಂಕಿನಲ್ಲಿ, ಒಬ್ಬನ ತಾಯಿ ಪ್ರಾಧ್ಯಾಪಕಿ. ನನ್ನ ಬಾಯಿಂದ, ಅಂಬಡ್ ಕಡೆ ಸ್ವಂತ ಮನೆ ಇದೆ, ತಂದೆ ಬಿಲ್ಡಿಂಗ್ ಕಾಂಟ್ರ್ಯಾಕ್ಟರ್ ಎಂದು ಬಂದುಬಿಟ್ಟಿತು. ಅಂದು ಸಂಜೆ ಅದನ್ನು ನಿನಗೆ ನಗುತ್ತ ಹೇಳಿದೆ, ನೆನಪಿದೆಯೇ? ನೀನೂ ನಕ್ಕೆ. "ಇರಲಿ ಬಿಡ ಮಳ್ಳಿ, ಬಿಲ್ಡಿಂಗ್ ಕಟ್ಟೂದಂತೂ ಖರೇನ ಅದ" ಎಂದೆ. ಆ ನಗು ನನಗೆ ಎಷ್ಟು ಹಗುರ ಮಾಡಿತೆಂದರೆ, ನಾನು ಹೇಳಿದ್ದು ಸುಳ್ಳು ಎನ್ನುವುದನ್ನೇ ಮರೆತೆ.

ಒಂದು ಮಾತು ನಡುವೆ ಹೇಳಲೇ? ಹತ್ತನೇ ಇಯತ್ತೆಯವರೆಗೆ ನಾನು ಆಳಂದದ ಕಡೆ ನಮ್ಮೂರಲ್ಲಿ ಅಜ್ಜಿ, ಕಸ್ತೂರಿಬಾಯಿ ಆಯಿಯ ಹತ್ತಿರ ಬೆಳೆದೆ. ನೀವಿಬ್ಬರೂ ಸೈಟಿನಿಂದ ಸೈಟಿಗೆ. ಶಾಲೆಯಲ್ಲಿ ಅಪ್ಪ ಅವ್ವ ಎಲ್ಲಿದ್ದಾರೆ ಎಂದು ಕೇಳಿದರೆ ಒಂದು ವರ್ಷ ಪುಣೆ, ಒಂದು ವರ್ಷ ನಾಶಿಕ ಎನ್ನುತ್ತಿದ್ದೆ. ಯಾವ ಓಣಿ, ಯಾವ ಮನೆ ಎಂದರೆ ಗೊತ್ತಿರಲಿಲ್ಲ. ಭೂಗೋಳದ ಪಾಠವೆಂದರೆ ನನಗೆ ಅಷ್ಟು ಆಸೆ ಯಾಕೆ ಎಂದು ಗುರುಗಳಿಗೆ ತಿಳಿಯುತ್ತಿರಲಿಲ್ಲ. ನಕ್ಷೆ ಬಿಡಿಸಿ ನಾಶಿಕದ ಚುಕ್ಕಿಯ ಮೇಲೆ ಬೆರಳಿಟ್ಟು, ಇದರೊಳಗೆ ಎಲ್ಲೋ ಅವ್ವ ಇದ್ದಾಳೆ ಎಂದು ಅಂದುಕೊಳ್ಳುತ್ತಿದ್ದೆ. ಅಂಥವಳು ಮುಂದೆ ಏನು ಮಾಡಿದೆ ನೋಡು.

ಜನವರಿಯಲ್ಲಿ ನಮ್ಮೆಲ್ಲರಿಗೂ ನಾಶಿಕದ ಅಂಚಿನ ಒಂದೊಂದು ಚೌಕ ಹಂಚಿದರು. ಅದು ಬರೀ ಅಭ್ಯಾಸಕ್ಕಲ್ಲ. ಕೂಲಿಯವರು ಇರುವ ಕಡೆಗೆಲ್ಲ ದವಾಖಾನೆಯ ಗಾಡಿ ಕಳಿಸುವ ಒಂದು ಸೇವಾ ಸಂಸ್ಥೆ ಇದೆ. ಗಾಡಿ ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂದು ನಮ್ಮ ನಕ್ಷೆ ನೋಡಿ ಗೊತ್ತುಮಾಡುತ್ತಾರೆ. ನನ್ನ ಪಾಲಿಗೆ ಬಂದದ್ದು ಅಂಬಡ್. ಕಾರ್ಖಾನೆಗಳ ಸಾಲು ದಾಟಿ, ಅರ್ಧ ಕಟ್ಟಿದ ಏಳು ಮಹಡಿಯ ಹಿಂದೆ, ತಗಡಿನ ಹದಿನಾಲ್ಕು ಚೂರುಗಳು ಕಂಡವು. ಮೂರನೆಯದರ ಮೇಲೆ ನೀಲಿ ತಾಡಪತ್ರಿ, ಅದರ ಒಂದು ಮೂಲೆಗೆ ಕೆಂಪು ಫ್ಲೆಕ್ಸ್. ಕಳೆದ ಮಳೆಗಾಲದಲ್ಲಿ ಆ ಫ್ಲೆಕ್ಸನ್ನು ಅಪ್ಪ ಕಟ್ಟುವಾಗ ಕೆಳಗೆ ನಿಂತು ಹಗ್ಗ ಹಿಡಿದವಳು ನಾನೇ ಅಲ್ಲವೇ?

ನನಗೆ ಮೊದಲು ಖುಷಿಯಾಯಿತು ಅವ್ವಾ, ಆಣೆ ಮಾಡಿ ಹೇಳುತ್ತೇನೆ. ಅಷ್ಟರಲ್ಲಿ ಹಿಂದಿನಿಂದ ಸಂಗಮನಾಥ ಸರ್ ಬಂದು, ಇದೇನು ಶಿವಗಂಗಾ, ಜನವಸತಿಯೋ ಕಟ್ಟಡದ ಸಾಮಾನೋ ಎಂದು ಕೇಳಿದರು. ಜನ ಇದ್ದಾರೆ ಎಂದರೆ ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಹಾಗೆ ಯೋಚಿಸಿದ್ದು ಒಂದು ಕ್ಷಣ ಮಾತ್ರ. ಸಾಮಾನು ಇರಬೇಕು ಸರ್ ಎಂದೆ. ಸುತ್ತಲೂ ಗೆರೆ ಎಳೆದು, ಖಾಲಿ ಜಾಗ, ವಾಸವಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದೆ. ನೀನು ಆ ಹೊತ್ತಿಗೆ ಅದರ ಕೆಳಗೆ ಕೂತು ರೊಟ್ಟಿ ಬಡಿಯುತ್ತಿದ್ದೆಯೋ ಏನೋ.

ಚಿತ್ರ ನೋಡಿ ಬರೆದದ್ದನ್ನು ಆಮೇಲೆ ಸ್ಥಳಕ್ಕೆ ಹೋಗಿ ತಾಳೆ ನೋಡಬೇಕು, ಅದು ಇಲ್ಲಿಯ ನಿಯಮ. ಇಬ್ಬಿಬ್ಬರ ಜೋಡಿ. ನನ್ನ ಜೊತೆ ಸಮೀಕ್ಷಾ. ನನ್ನ ರೂಮಿನವಳು, ಮರಾಠಿ ಹುಡುಗಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದವಳು. ಹಗಲು ಶೆಡ್ಡಿನಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಸೈಟಿನ ಮೇಲೆ ಇರುತ್ತಾರೆ ಎಂಬ ಧೈರ್ಯದಲ್ಲಿ ನಾನು ಅವಳನ್ನು ಕರೆದುಕೊಂಡು ಬಂದೆ. ದೂರದಿಂದ ತೋರಿಸಿ ಹೊರಟುಬಿಡೋಣ ಎಂದಿದ್ದೆ. ಸಮೀಕ್ಷಾ ಒಣಹಾಕಿದ ಸೀರೆ ನೋಡಿದಳು, ಹೊಗೆ ನೋಡಿದಳು. "ಅಗ, ಇಥೆ ಲೋಕ್ ರಾಹತಾತ್!" ಎಂದು ನೇರವಾಗಿ ಒಳಗೆ ನಡೆದಳು. ಇಲ್ಲಿ ಜನ ವಾಸವಿದ್ದಾರಲ್ಲೇ ಎಂದು.

ನೀನು ಬಾಗಿಲಲ್ಲಿ ಕೂತಿದ್ದೆ. ಕಾಲಿಗೆ ಬಟ್ಟೆ ಸುತ್ತಿತ್ತು. ಮೊಳೆ ಚುಚ್ಚಿದ್ದನ್ನು ಬೆಳಿಗ್ಗೆ ಫೋನಿನಲ್ಲಿ ನೀನು ಹೇಳಿರಲಿಲ್ಲ.

ನಿನ್ನ ಮುಖ ನನ್ನನ್ನು ನೋಡಿ ಅರಳಿತು, ನಾನು ಕಂಡೆ. ನೀನು ಏಳಲಿಕ್ಕೆ ಕೈ ಊರಿದೆ. ಆಮೇಲೆ ನಿನ್ನ ಕಣ್ಣು ನನ್ನ ಕೊರಳಿನ ಗುರುತಿನ ಚೀಟಿಯ ಮೇಲೆ, ಸಮೀಕ್ಷಾಳ ಮೇಲೆ ಹೋಯಿತು. ಕೈ ಹಾಗೇ ನಿಂತಿತು. ನಾನು ಅವ್ವಾ ಎನ್ನಬೇಕಿತ್ತು. ಎನ್ನಲಿಲ್ಲ. ಎಷ್ಟು ಹೊತ್ತು ಕಾದೆ ನೀನು? ಎರಡು ಉಸಿರಿನಷ್ಟು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು, "ಬರ್ರಿ ಅಕ್ಕಾರ, ಕುಂಡ್ರಿ" ಎಂದೆ. ನನಗೆ.

ಸಮೀಕ್ಷಾ ಮರಾಠಿಯಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಕೇಳಿ ಅವಳಿಗೆ ತಿರುಗಿ ಹೇಳುವುದು. ಹೆಸರು ಕೇಳಿದೆ. "ಚನ್ನಮ್ಮರಿ" ಎಂದೆ ನೀನು. ವಯಸ್ಸು ಕೇಳಿದರೆ, "ಯಾರಿಗೆ ಗೊತ್ತದರಿ, ನಲವತ್ತೈದು ಬರಕೋರಿ." ಮನೆಯಲ್ಲಿ ಎಷ್ಟು ಮಂದಿ ಎಂದದ್ದಕ್ಕೆ, "ಮೂರು ಮಂದಿರಿ. ನಾನು, ನಮ್ಮ ಮನಿಯವರು, ಒಬ್ಬಾಕಿ ಮಗಳು. ಆಕಿ ಓದಲಿಕ್ಕ ಹೋಗ್ಯಾಳ್ರಿ." ಮನೆಯಲ್ಲಿ ಯಾರಿಗಾದರೂ ಮೈಗೆ ಹುಷಾರಿಲ್ಲವೇ ಎಂದು ನಮ್ಮ ಪ್ರಶ್ನೆಗಳ ಹಾಳೆಯಲ್ಲಿತ್ತು. "ಯಾರಿಗೂ ಏನಿಲ್ರಿ, ಎಲ್ಲಾ ಆರಾಮ" ಎಂದೆ. ಸಮೀಕ್ಷಾ ನಿನ್ನ ಕಾಲು ತೋರಿಸಿದಾಗ ಅದನ್ನು ಸೀರೆಯ ಅಂಚಿನೊಳಗೆ ಎಳೆದುಕೊಂಡೆ. ನಾನು ಬರೆದುಕೊಂಡೆ: ಯಾರಿಗೂ ಇಲ್ಲ.

ಕೊನೆಗೆ ಸಮೀಕ್ಷಾ ಸುಮ್ಮನಿರಲಾರದೆ, ಮಗಳು ಏನು ಓದುತ್ತಾಳೆ ಕೇಳು ಎಂದಳು. ಅದು ಹಾಳೆಯಲ್ಲಿ ಇರಲಿಲ್ಲ. ನೀನು ನನ್ನನ್ನು ನೋಡಲಿಲ್ಲ, ಅವಳನ್ನೇ ನೋಡಿ ಹೇಳಿದೆ: "ಭಾಳ ದೊಡ್ಡದು ಓದತಾಳ್ರಿ. ನನಗ ಹೇಳಲಿಕ್ಕ ಬರಂಗಿಲ್ಲ. ಭಾಳ ಶಾಣ್ಯಾಕಿ ಅದಾಳ್ರಿ." ನಾನು ಅದನ್ನು ಮರಾಠಿಗೆ ತಿರುಗಿಸಿ ಹೇಳಬೇಕಾಯಿತು. ನನ್ನ ಬಾಯಿಂದಲೇ.

ನೀನು ಎರಡು ಲೋಟ ನೀರು ತಂದೆ. ಸಮೀಕ್ಷಾ ಗಟಗಟ ಕುಡಿದಳು. ನಾನು ಬೇಡವೆಂದೆ. ಹೊರಡುವಾಗ ನೀನು "ಹೋಗಿ ಬರ್ರಿ" ಎಂದೆ. ಮೂರು ಹೆಜ್ಜೆ ಹೋದ ಮೇಲೆ ನಾನು ತಿರುಗಿ ನೋಡಿದ್ದರೆ ನೀನು ಕಾಣುತ್ತಿದ್ದೆ. ನೋಡಲಿಲ್ಲ.

ವಾಪಸು ಬಂದ ಮೇಲೆ ತಪ್ಪಿದ ಗೆರೆಗಳನ್ನು ತಿದ್ದಬೇಕು. ತಿದ್ದಿದ ಪ್ರತಿಯೊಂದಕ್ಕೂ ಯಾಕೆ ತಪ್ಪಿತು ಎಂದು ಕಾರಣ ಆರಿಸಬೇಕು. ಚಿತ್ರ ಹಳೆಯದು, ಮೋಡ ಮುಸುಕಿತ್ತು, ಮರದ ನೆರಳಿತ್ತು, ಗುರುತಿಸಲು ಬರಲಿಲ್ಲ. ಇಷ್ಟೇ ಕಾರಣಗಳು ಅದರಲ್ಲಿರುವುದು. ನನ್ನ ಕಾರಣ ಅಲ್ಲಿ ಇರಲಿಲ್ಲ. ಎರಡು ದಿನ ಒದ್ದಾಡಿದೆ. ಆಮೇಲೆ ಸಂಗಮನಾಥ ಸರ್ ಮುಂದೆ ಹೋಗಿ ನಿಂತು ಎಲ್ಲ ಹೇಳಿದೆ. ಆ ತಗಡಿನ ಮನೆ ನಮ್ಮದು, ನಮ್ಮಪ್ಪ ಗೌಂಡಿ, ನಮ್ಮವ್ವ ಇಟ್ಟಂಗಿ ಹೊರುತ್ತಾಳೆ, ಅಂದು ನೀರು ಕೊಟ್ಟವಳು ಅವಳೇ ಎಂದು.

ಅವರು ಸಮಾಧಾನ ಮಾಡುತ್ತಾರೆ ಎಂದು ಒಳಗೊಳಗೆ ಆಸೆಯಿತ್ತು. ಮಾಡಲಿಲ್ಲ. "ನಿಮ್ಮಪ್ಪ ಏನ ಮಾಡ್ತಾರ ಅನ್ನೂದು ನನಗ ಬ್ಯಾಡ. ಅದು ನಿನ್ನ ಮನಿ ವಿಷಯ. ಮಂದಿ ಅದಾರ ಅಂತ ಗೊತ್ತಿದ್ದೂ ಇಲ್ಲ ಅಂತ ಬರದ್ಯಲ್ಲ, ಅದನ್ನ ಹೇಳು" ಎಂದರು. ಪರದೇಶದಲ್ಲಿ ಯಾರದೋ ಹಳ್ಳಿಗೆ ಹೋಗಿ, ಯಾರದೋ ಬಾವಿಯ ಬಗ್ಗೆ ಬರೆಯುವವಳನ್ನು ಜನ ಹೇಗೆ ನಂಬಬೇಕು ಎಂದು ಕೇಳಿದರು. ಮರುದಿನವೇ ಮೊದಲ ತಂಡದ ಪಟ್ಟಿಯಿಂದ ನನ್ನ ಹೆಸರು ತೆಗೆದರು. ಪ್ರವಾಸ ಮುಂದಕ್ಕೆ ಹೋಯಿತು ಎಂದು ನಾನು ನಿನಗೆ ಫೋನಿನಲ್ಲಿ ಹೇಳಿದ್ದು ಅದನ್ನೇ. ಮುಂದಕ್ಕೆ ಹೋಗಿರಲಿಲ್ಲ. ಆ ತಂಡದವರು ಹೋದರು, ನಾನು ಉಳಿದೆ.

ಆದರೆ ಮನೆಗೆ ಹೋಗು ಎಂದೂ ಅವರು ಹೇಳಲಿಲ್ಲ. ಈ ಊರ ಸುತ್ತಲೂ ಕೂಲಿಯವರ ವಸತಿ ಎಷ್ಟಿವೆ, ಚಿಕಲಠಾಣಾದಿಂದ ಎಲ್ಲೋರಾ ಗುಹೆಗಳಿರುವ ವೇರೂಳದ ದಾರಿಯವರೆಗೆ ನಡೆದು ನೋಡಿ ಬಾ, ಒಂದೊಂದು ಮನೆಯನ್ನೂ ಬರಿ ಎಂದರು. ಮೂರು ವಾರ ನಡೆದೆ. ಹದಿನೇಳು ಕಡೆ. ಜೇವರ್ಗಿಯವರು, ಸುರಪುರದವರು, ನಾಂದೇಡದವರು, ಬಿಹಾರದವರು. ಕನ್ನಡ ಕೇಳಿದ ಕೂಡಲೇ ಹೆಂಗಸರು ನೀನು ಯಾರ ಮಗಳು ಎಂದು ಕೇಳುತ್ತಿದ್ದರು. ಧರ್ಮಣ್ಣ ಗೌಂಡಿಯ ಮಗಳು, ಅಂಬಡ್‌ನಲ್ಲಿ ಶೆಡ್ಡಿನಲ್ಲಿರುತ್ತೇವೆ ಎಂದೆ. ಮೊದಲ ಸಲ ಹೇಳುವಾಗ ನಾಲಿಗೆ ತಡವರಿಸಿತು. ನಾಲ್ಕನೆಯ ವಸತಿಗೆ ಹೋಗುವ ಹೊತ್ತಿಗೆ ಸಲೀಸಾಯಿತು. ಎಲ್ಲ ಕಡೆ ನೀರು ಕೊಟ್ಟರು. ಎಲ್ಲ ಕಡೆ ಕುಡಿದೆ.

ನಿಮ್ಮ ಹದಿನಾಲ್ಕು ಮನೆಗಳ ಲೆಕ್ಕ ಸರಿ ಮಾಡಲು ಸಮೀಕ್ಷಾಳನ್ನು ಕಳಿಸಿದರು, ನನ್ನನ್ನಲ್ಲ. ಆ ಹೊತ್ತಿಗೆ ಅವಳಿಗೆ ಎಲ್ಲ ಗೊತ್ತಿತ್ತು. ನೀನು ಮಾತ್ರ ಇನ್ನೂ ನಾಟಕ ಬಿಟ್ಟಿರಲಿಲ್ಲ. ಅವಳು ತಿರುಗಿ ಬಂದು ಚಪ್ಪಲಿಯನ್ನೂ ಬಿಡದೆ ನನ್ನ ಮಂಚದ ಮೇಲೆ ಕೂತಳು. ನೀನು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಕೇಳಿದ್ದನ್ನು ಹೇಳಿದಳು: ಅವತ್ತು ನಿಮ್ಮ ಜೊತೆ ಬಂದಿದ್ದ ಆ ಹುಡುಗಿ ನೀರು ಕುಡಿಯದೆ ಹೋದಳು, ಚೆನ್ನಾಗಿದ್ದಾಳಲ್ಲವೇ, ಬಿಸಿಲಿನಲ್ಲಿ ಸುತ್ತುತ್ತಾಳೆ, ನೀರು ಕುಡಿಯಲಿಕ್ಕೆ ಹೇಳಿರಿ ಎಂದೆಯಂತೆ. ನಿನ್ನ ಗುಟ್ಟನ್ನು ಒಡೆಯಲು ಮನಸ್ಸಾಗದೆ ಸಮೀಕ್ಷಾ ಹೂಂ ಎಂದು ಬಂದಳಂತೆ. ಅವಳೂ ಅತ್ತಳು, ನಾನೂ ಅತ್ತೆ. ಆಮೇಲೆ ನೀನು ಅವಳ ಕೈಗೆ ಕಟ್ಟಿಕೊಟ್ಟಿದ್ದ ಶೇಂಗಾ ಹಿಂಡಿಯನ್ನು ಇಬ್ಬರೂ ಅಂಗೈಯಲ್ಲಿ ಹಾಕಿಕೊಂಡು ತಿಂದೆವು. ಅಪರಿಚಿತರಿಗೆ ಯಾರಾದರೂ ಅಷ್ಟು ದೊಡ್ಡ ಡಬ್ಬಿ ಕಟ್ಟಿಕೊಡುತ್ತಾರೆಯೇ ಅವ್ವಾ? ನಾಟಕ ನಿನಗೂ ಪೂರ್ತಿ ಬರುವುದಿಲ್ಲ.

ಸಂಶೋಧನೆ ನಡೆಸುವ ಮೇಡಂ ಟಾಂಜಾನಿಯಾದಲ್ಲಿದ್ದಾರೆ. ಸರ್ ಅವರಿಗೆ ನಡೆದದ್ದನ್ನೆಲ್ಲ ಬರೆದಿದ್ದರು. ಹೋದ ವಾರ ಅವರು ನನ್ನೊಂದಿಗೆ ಪರದೆಯ ಮೇಲೆ ಮಾತಾಡಿದರು. ನಿನ್ನ ಬರಹವನ್ನು ನಾನು ಯಾವ ಭರವಸೆಯ ಮೇಲೆ ನಂಬಲಿ ಎಂದು ನೇರವಾಗಿ ಕೇಳಿದರು. ಭರವಸೆ ಕೊಡಲಾರೆ, ಹದಿನೇಳು ವಸತಿಗಳಲ್ಲಿ ಯಾವುದನ್ನಾದರೂ ಆರಿಸಿ ಪರೀಕ್ಷೆ ಮಾಡಿಸಿ ಎಂದೆ. ನಾಲ್ಕನ್ನು ಮಾಡಿಸಿದರು. ನಾಲ್ಕೂ ಸರಿಯಿದ್ದವು. ಎರಡನೆಯ ತಂಡದಲ್ಲಿ ನನ್ನ ಹೆಸರಿದೆ. ಏಪ್ರಿಲ್ ಹನ್ನೆರಡಕ್ಕೆ ಮುಂಬೈಯಿಂದ ವಿಮಾನ. ಎರಡು ತಿಂಗಳು ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಗಿಹೋಗುತ್ತದೆ, ಈಗಲೇ ಅಳಬೇಡ.

ಈ ತಿಂಗಳ ಮೂವತ್ತಕ್ಕೆ ಉಗಾದಿ. ನಾನು ಮನೆಗೆ ಬರುತ್ತೇನೆ. ಸಮೀಕ್ಷಾ ಬರುತ್ತಾಳೆ, ಸಂಗಮನಾಥ ಸರ್ ಅವರನ್ನೂ ಕರೆದಿದ್ದೇನೆ. ಬರುತ್ತೇನೆ ಎಂದಿದ್ದಾರೆ, ಹೋಳಿಗೆ ಇದ್ದರೆ ಎಂಬ ಕರಾರಿನ ಮೇಲೆ. ಶೆಡ್ಡಿನಲ್ಲಿ ಎಲ್ಲಿ ಕೂರಿಸುವುದು ಎಂದು ಗಾಬರಿಯಾಗಬೇಡ, ಚಾಪೆ ಹಾಸಿದರಾಯಿತು. ಅವರೆದುರು ನನ್ನನ್ನು ಬಾಯಿ ತುಂಬ ಏಕವಚನದಲ್ಲಿ ಕರಿ. ಮಳ್ಳಿ ಎನ್ನು, ಬೈ, ಕೂದಲು ಎಣ್ಣೆ ಕಂಡಿಲ್ಲ ಎಂದು ಜಗ್ಗು. ನಿನ್ನ 'ಬರ್ರಿ ಅಕ್ಕಾರ' ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ.

ಕಾಲಿನ ಗಾಯ ಪೂರ್ತಿ ಮಾಯಿತೇ? ಈ ಸಲ ನಿಜ ಹೇಳು.

ನಿನ್ನ ಹೊಟ್ಟೆಯಲ್ಲಿ ಹುಟ್ಟಿ, ನಿನ್ನ ಹೆಸರು ಕೇಳಿದ
ಮಗಳು
ಶಿವಗಂಗಾ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಇದರಲ್ಲಿಯೂ ಒಂದು ಸುಳ್ಳು ಉಳಿದುಬಿಟ್ಟಿದೆ. ಎರಡು ದಿನ ಒದ್ದಾಡಿ ಸರ್ ಹತ್ತಿರ ಹೋದೆ ಎಂದು ಬರೆದೆನಲ್ಲ, ಎರಡಲ್ಲ ಅವ್ವಾ, ಹನ್ನೊಂದು ದಿನ. ಎರಡನೆಯ ದಿನ ನಾನು ಮಾಡಿದ್ದೆಂದರೆ, ತಿದ್ದಿದ್ದೇನೆ ಎಂದು ಸಮೀಕ್ಷಾಳಿಗೆ ಹೇಳಿ, ನಕ್ಷೆಯನ್ನು ಇದ್ದ ಹಾಗೇ ಒಪ್ಪಿಸಿಬಿಟ್ಟದ್ದು. ಅದು ದವಾಖಾನೆಯ ಗಾಡಿಯವರ ಕೈಗೂ ಹೋಯಿತು.

ಹನ್ನೊಂದನೆಯ ದಿನ, ಫೆಬ್ರವರಿ ಮೂರರಂದು, ಅಪ್ಪ ಇಲ್ಲಿಗೆ ಬಂದಿದ್ದ. ಲಾಲಸಾಬ ಕಾಕಾನ ಲಾರಿಯಲ್ಲಿ ಸೆಂಟ್ರಿಂಗ್ ಪ್ಲೇಟು ಒಯ್ಯಲು ಬಂದವನು ನನ್ನನ್ನು ಕಂಡು ಹೋಗೋಣವೆಂದು ಗೇಟಿನ ಹತ್ತಿರ ನಿಂತಿದ್ದ. ಮಗಳ ಹತ್ತಿರ ಬರಿಗೈಯಲ್ಲಿ ಹೋದೆಯಾ ಎಂದು ನೀನು ಬೈಯುತ್ತೀ ಅಂತ, ನಿನಗೆ ಹೇಳಬೇಡವೆಂದು ಆಣೆ ಹಾಕಿಸಿಕೊಂಡಿದ್ದಾನೆ. ಜನವರಿಯಲ್ಲಿ ನಾನು ಬಂದುಹೋದದ್ದು ಅವನಿಗೆ ಗೊತ್ತೇ ಇರಲಿಲ್ಲ. ನೀನು ಅವನಿಗೂ ಹೇಳಿರಲಿಲ್ಲ.

ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ಇಬ್ಬರನ್ನೂ ಒಳಗೆ ಕರೆದೆ. ಅಪ್ಪ ಚಪ್ಪಲಿ ಬಾಗಿಲಲ್ಲೇ ಬಿಟ್ಟ. ಪರದೆಯ ಮೇಲೆ ನಮ್ಮೂರ ಕೆರೆ, ಆಯಿಯ ಮನೆ ಎಲ್ಲ ತೋರಿಸಿದೆ. ಮಾತಿನ ನಡುವೆ, ದವಾಖಾನೆ ಗಾಡಿ ಮುಂದಿನ ಸೈಟಿಗೆ ಬರುತ್ತದೆ, ನಮ್ಮ ಕಡೆ ಹೊರಳುವುದೇ ಇಲ್ಲ, ಯಮನವ್ವನ ಮೊಮ್ಮಗುವಿನ ಲಸಿಕೆಯ ಸೂಜಿ ಹಾಗೇ ಉಳಿದಿದೆ ಎಂದ. ಸುಮ್ಮನೆ ಸುದ್ದಿ ಹೇಳಿದ ಹಾಗೆ ಹೇಳಿದ. ಆಮೇಲೆ, "ನಮ್ಮ ಮನಿ ಕಾಣತದೇನು ಇದರಾಗ?" ಎಂದ. ತೋರಿಸಿದೆ. ತನ್ನ ಕೆಂಪು ಫ್ಲೆಕ್ಸನ್ನು ಗುರುತು ಹಿಡಿದು ಮಗುವಿನ ಹಾಗೆ ನಕ್ಕ. ಪಕ್ಕದಲ್ಲಿ ನಾನು ಬರೆದಿದ್ದ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಿಟ್ಟು, ಏನು ಬರೆದಿದ್ದೀ, ಓದು ಎಂದ.

ಧರ್ಮಣ್ಣನ ಮನೆ ಎಂದು ಬರೆದಿದ್ದೇನೆ ಅಪ್ಪಾ ಎಂದೆ.

"ಏ ಲಾಲಸಾಬ, ಬಾರೋ ಇಲ್ಲಿ! ನನ್ನ ಹೆಸರು ಬರದಾಳ ನೋಡು ನನ್ನ ಮಗಳು" ಎಂದು ಅಪ್ಪ ಕೂಗಿದ. ಲಾಲಸಾಬ ಕಾಕಾ ನಾಲ್ಕು ರಾಜ್ಯ ಲಾರಿ ಓಡಿಸಿದವನು, ಇಂಗ್ಲಿಷ್ ಬೋರ್ಡು ಓದಲಿಕ್ಕೆ ಬರುತ್ತದೆ. ಪರದೆ ನೋಡಿದ. ನನ್ನ ಮುಖ ನೋಡಿದ. "ಹೌದಪಾ ಧರ್ಮಣ್ಣ, ನಿನ್ನ ಹೆಸರೇ ಅದ" ಎಂದ.

ಲಾರಿ ಗೇಟು ದಾಟಿದ ಮೇಲೆ ನಾನು ಸಂಗಮನಾಥ ಸರ್ ಊಟ ಮಾಡುತ್ತಿದ್ದಲ್ಲಿಗೇ ಹೋದೆ. ಅವರು ಕೈ ತೊಳೆಯುವ ತನಕವೂ ಕಾಯಲಿಲ್ಲ.

ಈಗ ಗಾಡಿ ನಿಮ್ಮ ಕಡೆ ಹೊರಳುತ್ತದೆ ಎಂದು ಗೊತ್ತು. ಯಮನವ್ವ ದೊಡ್ಡವ್ವನ ಮೊಮ್ಮಗುವಿಗೆ ಸೂಜಿ ತಡವಾದದ್ದು ನನ್ನಿಂದ. ಅದನ್ನು ಅವಳಿಗೆ ನಾನೇ ಹೇಳುತ್ತೇನೆ. ಅಪ್ಪನಿಗೂ ನೀನು ಏನೂ ಹೇಳಬೇಡ. ಉಗಾದಿಗೆ ಬಂದಾಗ ಅವನ ಎದುರು ಕೂತು, ಅಂದು ಅಲ್ಲಿ ನಿಜವಾಗಿ ಏನು ಬರೆದಿತ್ತು ಎಂದು ನಾನೇ ಓದಿ ಹೇಳುತ್ತೇನೆ.